ಸೊನ್ನೆ, ಹಗ್ಗ, ಮುತ್ತಿನ ಹಾರ: ಭಾರತದ ಹಳೆಯ ಗಣಿತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಣಿತದ ಇತಿಹಾಸ ಓದುವುದು ನನ್ನ ಹಳೇ ಚಟ. ಅದು ಗೊತ್ತಾದ ಮೇಲೆ ನೆಂಟರು, ಗೆಳೆಯರು, ಪಕ್ಕದ ಮನೆ ಹುಡುಗರು ಎಲ್ಲರೂ ಸಿಕ್ಕಾಗಲೆಲ್ಲ ಹೆಚ್ಚುಕಮ್ಮಿ ಅವೇ ಪ್ರಶ್ನೆ ಕೇಳುತ್ತಾರೆ. ಅರ್ಧ ಪ್ರಶ್ನೆಗಳು ವಾಟ್ಸಾಪ್ ಫಾರ್ವರ್ಡ್‌ನಿಂದ ಹುಟ್ಟಿದವು, ಇನ್ನರ್ಧ ನಿಜಕ್ಕೂ ಒಳ್ಳೆಯವು. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಸೊನ್ನೆ ಕಂಡುಹಿಡಿದದ್ದು ಆರ್ಯಭಟ ತಾನೆ?

ಅಲ್ಲ. ಈ ಮಾತು ಎಷ್ಟು ಬೇರು ಬಿಟ್ಟಿದೆ ಅಂದರೆ, ಅಲ್ಲ ಅಂದ ಕೂಡಲೇ ಜನ ಮುಖ ಸಿಂಡರಿಸುತ್ತಾರೆ. ಆರ್ಯಭಟ ಹುಟ್ಟಿದ್ದು 476ರಲ್ಲಿ. ‘ಆರ್ಯಭಟೀಯ’ದ ಕಾಲ 499, ಆಗ ಅವನಿಗೆ ಬರೀ 23 ವರ್ಷ. ಒಂದೊಂದು ಸ್ಥಾನಕ್ಕೂ ಬೆಲೆ ಹತ್ತು ಪಟ್ಟಾಗುತ್ತಾ ಹೋಗುತ್ತದೆ ಅಂತ ಅವನು ಹೇಳಿದ್ದು ನಿಜ. ಆದರೆ ಸೊನ್ನೆಯನ್ನು ಒಂದು ಸಂಖ್ಯೆ ಅಂತ ಹಿಡಿದು ಅದನ್ನು ಕೂಡುವುದು ಹೇಗೆ, ಕಳೆಯುವುದು ಹೇಗೆ ಅಂತ ಅವನು ನಿಯಮ ಕೊಟ್ಟಿಲ್ಲ. ದೊಡ್ಡ ಸಂಖ್ಯೆಗಳಿಗೆ ಅವನದೇ ಒಂದು ಅಕ್ಷರದ ಪದ್ಧತಿ ಇತ್ತು. ಅದರಲ್ಲಿ ‘ಖ್ಯುಘೃ’ ಅಂದರೆ 43,20,000! ಎರಡೇ ಅಕ್ಷರದಲ್ಲಿ ಒಂದು ಮಹಾಯುಗದ ಅಷ್ಟೂ ವರ್ಷ. ಹೇಳಿ ನೋಡಿ, ನಾಲಿಗೆ ತಿರುಗುವುದಿಲ್ಲ. ಅದಕ್ಕೋ ಏನೋ, ಮುಂದಿನವರು ಅದನ್ನು ಅಷ್ಟಾಗಿ ಹಿಡಿಯಲಿಲ್ಲ.

‘ಸೊನ್ನೆ ಯಾರದು’ ಅನ್ನುವ ಪ್ರಶ್ನೆಯೇ ಸ್ವಲ್ಪ ಎಡವಟ್ಟು. ಸೊನ್ನೆಗೆ ಮೂರು ಕೆಲಸ ಇದೆ: ಖಾಲಿ ಜಾಗ ತೋರಿಸುವುದು, ಬರವಣಿಗೆಯಲ್ಲಿ ಒಂದು ಗುರುತಾಗುವುದು, ಲೆಕ್ಕದಲ್ಲಿ ಸ್ವತಃ ಒಂದು ಸಂಖ್ಯೆಯಾಗುವುದು. ಖಾಲಿ ಜಾಗಕ್ಕೆ ಗುರುತು ಹಾಕುವುದು ಬ್ಯಾಬಿಲೋನ್‌ನವರಿಗೂ ಗೊತ್ತಿತ್ತು, ಅಮೆರಿಕದ ಮಾಯಾ ಜನರಿಗೂ ಗೊತ್ತಿತ್ತು. ಮೂರನೆಯದಕ್ಕೆ ಪೂರ್ತಿ ನಿಯಮ ಬರೆದ ಅತಿ ಹಳೆಯ ಪುಸ್ತಕ ಬ್ರಹ್ಮಗುಪ್ತನ ‘ಬ್ರಾಹ್ಮಸ್ಫುಟಸಿದ್ಧಾಂತ’, ಕಾಲ 628. ಅವನ ಊರು ಭಿಲ್ಲಮಾಲ, ಇಂದಿನ ರಾಜಸ್ಥಾನದ ಭೀನ್‌ಮಾಲ್.

ಕಣ್ಣಾರೆ ನೋಡಬೇಕು ಅಂದರೆ ಗ್ವಾಲಿಯರ್‌ಗೆ ಹೋಗಿ. ಕೋಟೆ ಹತ್ತುವ ದಾರಿಯಲ್ಲಿ ಬಂಡೆ ಕೊರೆದು ಮಾಡಿದ ಪುಟ್ಟ ಚತುರ್ಭುಜ ಗುಡಿ ಇದೆ. ಅಲ್ಲಿನ 876ರ ಶಾಸನದಲ್ಲಿ ಹೂದೋಟಕ್ಕೆ 187 ಮೊಳ ಅಗಲ, 270 ಮೊಳ ಉದ್ದದ ಜಾಗ ಕೊಟ್ಟ ವಿಷಯ ಇದೆ, ದೇವರಿಗೆ ದಿನಕ್ಕೆ 50 ಹೂಮಾಲೆ ಅಂತಲೂ ಇದೆ. ಆ 270, 50ರಲ್ಲಿ ಸೊನ್ನೆ ಗುಂಡಗೆ, ಚಿಕ್ಕದಾಗಿ, ಇವತ್ತು ನಾವು ಬರೆಯುವ ಹಾಗೇ ಕೂತಿದೆ. ಯಾವ ಪಂಡಿತನ ಪ್ರಬಂಧವೂ ಅಲ್ಲ, ಹೂವಿನ ಲೆಕ್ಕ.

ಬ್ರಹ್ಮಗುಪ್ತನ ನಿಯಮಗಳು ಹೇಗಿವೆ?

ಸಾಲ, ಆಸ್ತಿ ಲೆಕ್ಕದ ಭಾಷೆಯಲ್ಲಿವೆ. ಸೊನ್ನೆಗಿಂತ ಜಾಸ್ತಿ ಇರುವುದು ‘ಧನ’, ಕಮ್ಮಿ ಇರುವುದು ‘ಋಣ’. ನಮ್ಮ ಕನ್ನಡ ಮೀಡಿಯಂ ಮಕ್ಕಳು ಈಗಲೂ ಧನ ಸಂಖ್ಯೆ, ಋಣ ಸಂಖ್ಯೆ ಅಂತಲೇ ಕಲಿಯುತ್ತಾರೆ. 1400 ವರ್ಷದ ಹಳೆಯ ಮಾತು ಅಂತ ಯಾರೂ ಅವರಿಗೆ ಹೇಳುವುದಿಲ್ಲ, ಅಷ್ಟೇ. ಎರಡು ಸಾಲ ಕೂಡಿದರೆ ಸಾಲ. ಸೊನ್ನೆಯಿಂದ ಸಾಲ ಕಳೆದರೆ ಆಸ್ತಿ. ಸಾಲವನ್ನು ಸಾಲದಿಂದ ಗುಣಿಸಿದರೆ ಆಸ್ತಿ. ‘ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ’ ಅಂತ ಏಳನೇ ಕ್ಲಾಸಿನಲ್ಲಿ ತಲೆ ಕೆರೆದುಕೊಂಡವರಿಗೆ ಇದು ಅಂಗಡಿಯ ಉದ್ರಿ ಪುಸ್ತಕ ಇಟ್ಟುಕೊಂಡು ಹೇಳಿದರೆ ಬೇಗ ಹತ್ತುತ್ತದೆ: ತಲಾ ನೂರು ರೂಪಾಯಿಯ ಮೂರು ಸಾಲ ಮನ್ನಾ ಆದರೆ ನೀವು ಮುನ್ನೂರು ಮೇಲೆ ಬಂದ ಹಾಗೆ ಅಲ್ವಾ?

ಸೊನ್ನೆಯಿಂದ ಭಾಗಿಸುವ ವಿಷಯದಲ್ಲಿ ಮಾತ್ರ ಎಲ್ಲರೂ ಎಡವಿದ್ದಾರೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂದ ಬ್ರಹ್ಮಗುಪ್ತ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದ 9ನೇ ಶತಮಾನದ ಗಣಿತಜ್ಞ ಮಹಾವೀರ. ಅದು ‘ಖಹರ’, ಅನಂತ, ಏನು ಕೂಡಿದರೂ ಕಳೆದರೂ ಬದಲಾಗುವುದಿಲ್ಲ ಅಂದ 12ನೇ ಶತಮಾನದ ಭಾಸ್ಕರ. ಇವನು ಹತ್ತಿರ ಬಂದ, ಪೂರ್ತಿ ಮುಟ್ಟಲಿಲ್ಲ. ಇದನ್ನು ಮುಚ್ಚಿಡುವ ಅಗತ್ಯ ಏನೂ ಇಲ್ಲ. ಐನೂರು ವರ್ಷ ಒಂದೇ ಪ್ರಶ್ನೆಯನ್ನು ಕೈಯಿಂದ ಕೈಗೆ ಕೊಟ್ಟುಕೊಂಡು ಬಂದಿದ್ದಾರಲ್ಲ, ನನಗೆ ಅದೇ ಇಷ್ಟ.

ಪೈಥಾಗೊರಸ್ ಪ್ರಮೇಯ ನಮ್ಮದಂತೆ, ಹೌದಾ?

‘ನಮ್ಮಲ್ಲೂ ಇತ್ತು’ ಅನ್ನಿ, ತಪ್ಪಿಲ್ಲ. ಬೌಧಾಯನನ ಶುಲ್ಬಸೂತ್ರದಲ್ಲಿ ಅದು ಸ್ಪಷ್ಟವಾಗಿದೆ. ಆಯತದ ಕರ್ಣದ ಮೇಲೆ ಎಳೆದ ಹಗ್ಗ ಮಾಡುವ ಚೌಕ, ಉದ್ದ ಅಗಲ ಎರಡೂ ಬೇರೆ ಬೇರೆ ಮಾಡುವ ಚೌಕಗಳನ್ನು ಸೇರಿಸಿದಷ್ಟು ಆಗುತ್ತದೆ ಅಂತ. ಕ್ರಿಸ್ತಪೂರ್ವದ ಪುಸ್ತಕ, ಪೈಥಾಗೊರಸ್‌ಗಿಂತ ಹಳೆಯದು ಅನ್ನುವವರು ಜಾಸ್ತಿ. ಆದರೆ ಸುಮಾರು ಕ್ರಿ.ಪೂ. 1800ರ ಬ್ಯಾಬಿಲೋನ್ ಜೇಡಿಮಣ್ಣಿನ ಹಲಗೆಯಲ್ಲೂ ಇದೇ ಲೆಕ್ಕದ ಸಂಖ್ಯೆಗಳು ಸಾಲಾಗಿವೆ. ಹಾಗಾಗಿ ‘ಮೊದಲು ನಾವೇ’ ಅನ್ನುವ ಜಗಳಕ್ಕೆ ಇಳಿದರೆ ಸೋಲು ನಮಗೇ.

ಶುಲ್ಬ ಅಂದರೆ ಹಗ್ಗ. ಯಜ್ಞಕ್ಕೆ ಇಟ್ಟಿಗೆಯ ವೇದಿ ಕಟ್ಟಬೇಕು, ಒಂದು ಹದ್ದಿನ ಆಕಾರದಲ್ಲಿ, ಇನ್ನೊಂದು ಬೇರೆ ಆಕಾರದಲ್ಲಿ, ಆದರೆ ಒಟ್ಟು ವಿಸ್ತೀರ್ಣ ಬದಲಾಗಬಾರದು. ಗೂಟ ಹೊಡೆದು ಹಗ್ಗ ಎಳೆದು ಇದನ್ನೆಲ್ಲ ಮಾಡುತ್ತಿದ್ದರು. ನಮ್ಮೂರಲ್ಲಿ ಮನೆ ಪಾಯ ಹಾಕುವಾಗ ನೋಡಿ. ಮೇಸ್ತ್ರಿ ಮೂಲೆಯಿಂದ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿಗೆ ದಾರದ ಮೇಲೆ ಗುರುತು ಹಾಕಿ ಅಡ್ಡ ಐದಡಿ ಬರುತ್ತಾ ಅಂತ ಟೇಪು ಹಿಡಿಯುತ್ತಾನೆ, ಬಂದರೆ ಮೂಲೆ ಸರಿಯಾಗಿದೆ ಅಂತ. ಮೂಲೆಮಟ್ಟ ಕೈಯಲ್ಲಿದ್ದರೂ ದೊಡ್ಡ ಸೈಟಿಗೆ ಇದೇ ನಂಬಿಕೆ.

ಶುಲ್ಬಸೂತ್ರದಲ್ಲಿ ನನ್ನನ್ನು ಬೆರಗು ಮಾಡಿದ್ದು ಬೇರೆ ವಿಷಯ, 2ರ ವರ್ಗಮೂಲ. ಒಂದಕ್ಕೆ ಅದರ ಮೂರನೇ ಒಂದು ಭಾಗ ಸೇರಿಸು, ಆ ಮೂರನೇ ಒಂದರ ನಾಲ್ಕನೇ ಒಂದು ಸೇರಿಸು, ಈ ಕೊನೆಯದರ 34ನೇ ಒಂದು ಭಾಗ ಕಳೆ. ಬರುವುದು 577/408, ಅಂದರೆ 1.4142157. ನಿಜವಾದ ಬೆಲೆ 1.4142136. ಹಗ್ಗ, ಗೂಟ ಹಿಡಿದವರಿಗೆ ಇಷ್ಟು ನಿಖರತೆ ಯಾಕೆ ಬೇಕಿತ್ತು ಅಂತ ಯೋಚಿಸಿದರೆ ಮಜಾ ಇದೆ. ಇಟ್ಟಿಗೆಗೆ ಖಂಡಿತ ಬೇಕಿರಲಿಲ್ಲ.

ವೇದಗಣಿತ ವೇದದಲ್ಲಿದೆಯಾ?

ಇಲ್ಲ. ಆ ಹೆಸರಿನ ಪುಸ್ತಕ ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣ ತೀರ್ಥರದು. ಅವರು ತೀರಿಕೊಂಡ ಮೇಲೆ 1965ರಲ್ಲಿ ಅಚ್ಚಾಯಿತು. ಅದರಲ್ಲಿರುವ 16 ಸೂತ್ರಗಳು ಈಗ ಸಿಗುವ ಯಾವ ವೇದದಲ್ಲೂ ಇಲ್ಲ. ಬೇಗ ಗುಣಿಸುವ, ಭಾಗಿಸುವ ಉಪಾಯ ಅಂತ ಮಕ್ಕಳಿಗೆ ಕಲಿಸಿ, ಬೇಡ ಅನ್ನುವುದಿಲ್ಲ. ವೇದದ ಕಾಲದ ಗಣಿತ ಬೇಕು ಅಂದರೆ ಮೇಲಿನ ಹಗ್ಗದ ಲೆಕ್ಕ ಓದಿ.

ಛಂದಸ್ಸಿಗೂ ಗಣಿತಕ್ಕೂ ಏನು ಸಂಬಂಧ?

ತುಂಬಾ ಇದೆ, ಮತ್ತು ಇದು ಕನ್ನಡ ಓದಿದವರಿಗೆಲ್ಲ ಅರ್ಧ ಗೊತ್ತಿರುವುದೇ. ಹೈಸ್ಕೂಲಿನಲ್ಲಿ ‘ಯಮಾತಾರಾಜಭಾನಸಲಗಂ’ ಬಾಯಿಪಾಠ ಮಾಡಿದ್ದೀರಲ್ಲ, ಪರೀಕ್ಷೆಯಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸೋಕೆ? ಅದನ್ನು ಇನ್ನೊಂದು ಸಲ ನೋಡಿ. ಮೂರು ಮೂರು ಅಕ್ಷರ ಹಿಡಿಯುತ್ತಾ ಒಂದೊಂದೇ ಅಕ್ಷರ ಮುಂದಕ್ಕೆ ಸರಿಯಿರಿ: ಯಮಾತಾ, ಮಾತಾರಾ, ತಾರಾಜ, ರಾಜಭಾ, ಜಭಾನ, ಭಾನಸ, ನಸಲ, ಸಲಗಂ. ಎಂಟು ಗಣ, ಒಂದೂ ಎರಡು ಸಲ ಬಂದಿಲ್ಲ, ಒಂದೂ ಬಿಟ್ಟುಹೋಗಿಲ್ಲ. ಲಘು ಗುರುಗಳು ಮೂರು ಜಾಗದಲ್ಲಿ ಕೂರುವ ರೀತಿ 2×2×2 = 8, ಆ ಎಂಟನ್ನೂ ಹತ್ತೇ ಅಕ್ಷರದಲ್ಲಿ ತುಂಬಿಟ್ಟಿದ್ದಾರೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಈ ತರದ ಸಾಲಿಗೆ ಡಿ ಬ್ರಾಯ್ನ್ ಅನ್ನುವ ಗಣಿತಜ್ಞನ ಹೆಸರಿದೆ. ನಾವು ಅದನ್ನು ಎರಡು ಮಾರ್ಕಿಗೆ ಕಲಿತೆವು.

ಈ ದಾರಿ ಶುರುವಾಗುವುದು ಕ್ರಿಸ್ತಪೂರ್ವದಲ್ಲಿದ್ದ ಪಿಂಗಳನ ಛಂದಶ್ಶಾಸ್ತ್ರದಿಂದ. ಇಷ್ಟು ಅಕ್ಷರದ ಸಾಲಿನಲ್ಲಿ ಲಘು ಗುರು ಎಷ್ಟು ರೀತಿ ಬರಬಹುದು, ಎಲ್ಲವನ್ನೂ ಕ್ರಮವಾಗಿ ಬರೆಯುವುದು ಹೇಗೆ, ಪಟ್ಟಿಯಲ್ಲಿ ಇಂಥ ಸಾಲು ಎಷ್ಟನೆಯದು ಅಂತ ಹೇಳುವುದು ಹೇಗೆ ಅಂತೆಲ್ಲ ಅವನು ಕೇಳಿದ. 10ನೇ ಶತಮಾನದಲ್ಲಿ ಹಲಾಯುಧ ಅದಕ್ಕೆ ಟೀಕೆ ಬರೆಯುತ್ತಾ ‘ಮೇರುಪ್ರಸ್ತಾರ’ ವಿವರಿಸಿದ, ಶಾಲೆಯಲ್ಲಿ ನಾವು ಪಾಸ್ಕಲ್ ತ್ರಿಕೋನ ಅನ್ನುವುದು ಅದೇ.

ಅಕ್ಷರ ಬಿಟ್ಟು ಮಾತ್ರೆ ಎಣಿಸಿದರೆ ಇನ್ನೂ ಚೆನ್ನಾಗಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣ ಎಷ್ಟು ರೀತಿ? ಎರಡು ಗುರು, ಒಂದು ಗುರು ಎರಡು ಲಘು ಇರುವ ಮೂರು ಬಗೆ, ನಾಲ್ಕೂ ಲಘು. ಒಟ್ಟು ಐದು. (ಅದರಲ್ಲಿ ಲಘು-ಗುರು-ಲಘು ನಮ್ಮ ಷಟ್ಪದಿಗೆ ಒಗ್ಗುವುದಿಲ್ಲ, ಅದು ಬೇರೆ ಮಾತು.) ಒಂದು ಮಾತ್ರೆಯಿಂದ ಹಿಡಿದು ಎಣಿಸುತ್ತಾ ಹೋದರೆ 1, 2, 3, 5, 8, 13. ಕೊನೆಗೆ ಲಘು ಇಟ್ಟರೆ ಹಿಂದಿನ ಲೆಕ್ಕ, ಗುರು ಇಟ್ಟರೆ ಅದರ ಹಿಂದಿನದು, ಎರಡೂ ಕೂಡಿದರೆ ಮುಂದಿನದು. ಇದನ್ನು ವಿರಹಾಂಕ ಹೇಳಿದ್ದ, ಸುಮಾರು 1150ರಲ್ಲಿ ಹೇಮಚಂದ್ರನೂ ಹೇಳಿದ. ಇಟಲಿಯ ಫಿಬೊನಾಚಿ ಮೊಲದ ಲೆಕ್ಕ ಬರೆದದ್ದು 1202ರಲ್ಲಿ.

ತ್ರಿಕೋನಮಿತಿಯ ‘ಸೈನ್’ ಅನ್ನುವ ಪದ ಸಂಸ್ಕೃತದ್ದು ಅನ್ನುತ್ತಾರಲ್ಲ?

ಸುತ್ತಿ ಬಳಸಿ, ಹೌದು. ವೃತ್ತದ ತುಂಡನ್ನು ಬಿಲ್ಲು ಅಂದುಕೊಳ್ಳಿ, ಅದರ ಹೆದೆಗೆ ಸಂಸ್ಕೃತದಲ್ಲಿ ‘ಜ್ಯಾ’, ‘ಜೀವಾ’. ಆರ್ಯಭಟ ಅರ್ಧ ಹೆದೆಯನ್ನು ಲೆಕ್ಕಕ್ಕೆ ತಗೊಂಡ, ಇವತ್ತಿನ ಸೈನ್ ಅದೇ. ಅರಬರು ಜೀವಾ ಅನ್ನುವುದನ್ನು ಸ್ವರ ಬಿಟ್ಟು ಬರೆದುಕೊಂಡರು. ಆಮೇಲೆ ಓದಿದವರು ಅದನ್ನು ‘ಜೈಬ್’ ಅಂತ ಓದಿದರು. ಜೈಬ್ ಅಂದರೆ ಬಟ್ಟೆಯ ಮಡಿಕೆ. 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ತಂದವರು ಮಡಿಕೆಗೆ ತಮ್ಮ ಪದ ಹಾಕಿದರು, ‘ಸೈನಸ್’. ಇನ್ನೊಂದು ತಮಾಷೆ ಏನಂದರೆ ಅದೇ ಜೈಬ್ ಪಾರಸಿ, ಉರ್ದು ದಾರಿಯಲ್ಲಿ ಬಂದು ಕನ್ನಡದಲ್ಲಿ ‘ಜೇಬು’ ಆಗಿದೆ. ಕಾಲೇಜು ಹುಡುಗರ ತಲೆ ತಿನ್ನುವ ಸೈನೂ ಅವರ ಪ್ಯಾಂಟಿನ ಜೇಬೂ ಒಂದೇ ಮನೆಯವು.

ನಮ್ಮ ಅಂಕಿಗಳಿಗೆ ಅರಬ್ಬೀ ಅಂಕಿ ಅಂತ ಹೆಸರು ಯಾಕೆ?

ಯುರೋಪಿಗೆ ಅರಬರ ಕೈಯಿಂದ ಹೋದವು, ಅದಕ್ಕೆ. ಅರಬರು ಮಾತ್ರ ಅದನ್ನು ತಮ್ಮದು ಅಂದಿಲ್ಲ, ‘ಹಿಂದ್’ನದು ಅಂತಲೇ ಬರೆದಿದ್ದಾರೆ. ಬಾಗ್ದಾದಿನ ಅಲ್-ಖ್ವಾರಿಜ್ಮಿ 9ನೇ ಶತಮಾನದಲ್ಲಿ ಹಿಂದೂ ಲೆಕ್ಕದ ಬಗ್ಗೆ ಪುಸ್ತಕ ಬರೆದ, ‘ಅಲ್ಗಾರಿದಮ್’ ಅನ್ನುವ ಪದ ಬಂದದ್ದೇ ಅವನ ಹೆಸರಿನಿಂದ. ಅದಕ್ಕೂ ಮುಂಚೆ, 662ರಲ್ಲೇ, ಸಿರಿಯಾದ ಪಾದ್ರಿ ಸೆವೆರಸ್ ಸೆಬೊಖ್ತ್ ಭಾರತದವರು ಒಂಬತ್ತು ಗುರುತಿನಲ್ಲಿ ಲೆಕ್ಕ ಮಾಡುವುದನ್ನು ಹೊಗಳಿದ್ದ.

ಕರ್ನಾಟಕದವರು ಯಾರಾದರೂ ಇದ್ದಾರಾ?

ಇದ್ದಾರೆ, ಮತ್ತು ಇವನ ಬಗ್ಗೆ ನಮ್ಮಲ್ಲಿ ಮಾತಾಡುವುದು ತೀರಾ ಕಮ್ಮಿ. ಮಹಾವೀರಾಚಾರ್ಯ. ಜೈನ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವನು, ‘ಗಣಿತಸಾರಸಂಗ್ರಹ’ ಬರೆದದ್ದು ಸುಮಾರು 850ರಲ್ಲಿ. ರಾಜಧಾನಿ ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿ ದಡದಲ್ಲಿ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಇದೇ ರಾಜನ ಆಸ್ಥಾನದಲ್ಲೇ. ಅದನ್ನು ನಾವು ಪಾಠ ಮಾಡುತ್ತೇವೆ, ಇದನ್ನು ಮರೆತಿದ್ದೇವೆ.

ಅವನ ಪುಸ್ತಕದ ವಿಶೇಷ ಏನಂದರೆ ಅದು ಪೂರ್ತಿ ಗಣಿತದ್ದೇ. ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತ ಖಗೋಳದ ಪುಸ್ತಕದೊಳಗೆ ಒಂದೆರಡು ಅಧ್ಯಾಯವಾಗಿ ಬರುತ್ತದೆ. ಇವನು ಗ್ರಹ ನಕ್ಷತ್ರ ಬಿಟ್ಟು ಬಡ್ಡಿ, ಚಿನ್ನದ ಬಣ್ಣ (ಅಂದರೆ ಶುದ್ಧತೆ), ಹೊಲದ ಅಳತೆ, ಹಳ್ಳ ತೋಡುವ ಲೆಕ್ಕ ಎಲ್ಲ ಹೇಳಿದ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ಖಡಾಖಂಡಿತ ಹೇಳಿದವನೂ ಇವನೇ. ಸಂಖ್ಯೆಗಳಲ್ಲಿ ಹಾರ ಪೋಣಿಸುವುದು ಅವನ ಖಯಾಲಿ: 152207 × 73 = 11111111. ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುವ 12345654321 ಕೂಡ ಅವನಲ್ಲಿ ಬರುತ್ತದೆ.

ಒಂದು ಲೆಕ್ಕ ನೋಡಿ. ಗಂಡ ಹೆಂಡಿರ ಸರಸದ ಜಗಳದಲ್ಲಿ ಹೆಂಡತಿಯ ಮುತ್ತಿನ ಹಾರ ಹರಿಯಿತು. ಮೂರನೇ ಒಂದು ಭಾಗ ಕೆಲಸದವಳ ಕಡೆ ಉರುಳಿತು, ಆರನೇ ಒಂದು ಭಾಗ ಹಾಸಿಗೆ ಮೇಲೆ. ಉಳಿದದ್ದರ ಅರ್ಧ, ಮತ್ತೆ ಉಳಿದದ್ದರ ಅರ್ಧ, ಹೀಗೆ ಆರು ಸಲ ಅಲ್ಲಿ ಇಲ್ಲಿ ಚೆಲ್ಲಿದವು. ಕೊನೆಗೆ ಹಾರದಲ್ಲಿ ಉಳಿದ ಮುತ್ತು 1161. ಹಾರದಲ್ಲಿ ಒಟ್ಟು ಎಷ್ಟು ಇದ್ದವು? ಮೂರನೇ ಒಂದು, ಆರನೇ ಒಂದು ಸೇರಿ ಅರ್ಧ ಹೋಯಿತು, ಉಳಿದರ್ಧ ಆರು ಸಲ ಅರ್ಧವಾದರೆ 128ನೇ ಒಂದು ಭಾಗ. 1161 × 128 = 1,48,608. ಹತ್ತಿರ ಹತ್ತಿರ ಒಂದೂವರೆ ಲಕ್ಷ ಮುತ್ತಿನ ಹಾರ ಹಾಕಿಕೊಂಡು ಆ ಹೆಂಗಸು ಎದ್ದು ನಿಂತದ್ದೇ ಹೆಚ್ಚು.

ಇದು ಸಂಸ್ಕೃತ. ಕನ್ನಡದಲ್ಲೇ ಬೇಕು ಅಂದರೆ 12ನೇ ಶತಮಾನದ ರಾಜಾದಿತ್ಯ ಇದ್ದಾನೆ, ಅವನೂ ಜೈನ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಚಿತ್ರಹಸುಗೆ’ ಅವನ ಪುಸ್ತಕಗಳು. ಲೆಕ್ಕವನ್ನು ಕನ್ನಡ ಪದ್ಯದಲ್ಲಿ ಕಟ್ಟಬಹುದು ಅಂತ ಅಷ್ಟು ಹಿಂದೆಯೇ ತೋರಿಸಿಬಿಟ್ಟ.

ಲೀಲಾವತಿ ಭಾಸ್ಕರಾಚಾರ್ಯನ ಮಗಳಾ? ಅವನು ವಿಜಯಪುರದವನಾ?

‘ಲೀಲಾವತಿ’ ಭಾಸ್ಕರ ಬರೆದ ಗಣಿತದ ಪುಸ್ತಕ. ಮಗಳ ಕತೆ, ಅದೇ ಮದುವೆಯ ಮುಹೂರ್ತ, ನೀರಿನ ಗಡಿಯಾರ, ಅದರೊಳಗೆ ಬಿದ್ದ ಮುತ್ತು, ತಪ್ಪಿದ ಗಳಿಗೆ, ಇದೆಲ್ಲ ನಮಗೆ ಸಿಗುವುದು ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದ ಮುನ್ನುಡಿಯಲ್ಲಿ. ಮೂಲ ಪುಸ್ತಕದ ಕಾಲ 1150. ನಡುವೆ 437 ವರ್ಷ. ಪದ್ಯಗಳಲ್ಲಿ ‘ಎಲೈ ಲೀಲಾವತಿ’ ಅಂತ ಕರೆಯುವುದು ನಿಜ, ಆದರೆ ಅವಳು ಮಗಳು ಅಂತ ಭಾಸ್ಕರ ಎಲ್ಲೂ ಹೇಳಿಲ್ಲ.

ಊರಿನ ವಿಷಯಕ್ಕೆ ಬಂದರೆ, ತಾನು ಶಕ 1036ರಲ್ಲಿ, ಅಂದರೆ 1114ರಲ್ಲಿ ಹುಟ್ಟಿದೆ ಅಂತ ಅವನೇ ಬರೆದಿದ್ದಾನೆ. ಊರು ಸಹ್ಯಾದ್ರಿಯ ಹತ್ತಿರದ ವಿಜ್ಜಡವಿಡ. ಇದೇ ವಿಜಯಪುರ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಆದರೆ ಅವನ ಮೊಮ್ಮಗ ಚಾಂಗದೇವ ಅಜ್ಜನ ಪುಸ್ತಕ ಪಾಠ ಮಾಡಲು ಮಠ ಕಟ್ಟಿಸಿದ 1207ರ ಶಾಸನ ಸಿಕ್ಕಿದ್ದು ಮಹಾರಾಷ್ಟ್ರದ ಚಾಳೀಸ್‌ಗಾಂವ್ ಹತ್ತಿರದ ಪಾಟಣೆಯಲ್ಲಿ. ವಿಜಯಪುರದಿಂದ ಸಹ್ಯಾದ್ರಿ ದೂರ ಬೇರೆ. ಬೈದರೂ ಪರವಾಗಿಲ್ಲ, ನನಗೆ ತೂಕ ಆ ಕಡೆಯೇ ಜಾಸ್ತಿ ಕಾಣುತ್ತದೆ.

ಅವನ ನಿಜವಾದ ಸಾಧನೆ ‘ಚಕ್ರವಾಳ’ ಅನ್ನುವ ಲೆಕ್ಕದ ವಿಧಾನ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ ಒಂದು ಕೂಡಿದರೆ ಇನ್ನೊಂದು ಸಂಖ್ಯೆಯ ವರ್ಗ ಬರಬೇಕು, ಎರಡೂ ಸೊನ್ನೆ ಅಲ್ಲದ ಪೂರ್ಣ ಸಂಖ್ಯೆಯಾಗಿರಬೇಕು. ಸುಲಭ ಅನ್ನಿಸುತ್ತದೆ ಅಲ್ವಾ? ಇರುವ ಅತಿ ಚಿಕ್ಕ ಉತ್ತರ 226153980 ಮತ್ತು 1766319049. ಭಾಸ್ಕರ ಕೆಲವೇ ಹೆಜ್ಜೆಯಲ್ಲಿ ಇಲ್ಲಿಗೆ ಬರುತ್ತಾನೆ. ಇದೇ 61ರ ಲೆಕ್ಕವನ್ನು ಫ್ರಾನ್ಸಿನ ಫರ್ಮಾ 1657ರಲ್ಲಿ ಯುರೋಪಿನವರಿಗೆ ಸವಾಲಾಗಿ ಹಾಕಿದ. ಅವನಿಗೆ ಭಾಸ್ಕರನ ಹೆಸರೂ ಗೊತ್ತಿರಲಿಲ್ಲ.

ಕ್ಯಾಲ್ಕುಲಸ್ ನ್ಯೂಟನ್‌ಗಿಂತ ಮುಂಚೆ ಕೇರಳದಲ್ಲಿತ್ತಾ?

ಪೂರ್ತಿ ಕ್ಯಾಲ್ಕುಲಸ್ ಅಂದರೆ ಇಲ್ಲ. ಅದರ ಕೆಲವು ಬಲವಾದ ತುಂಡುಗಳು ಇದ್ದವು. ಸಂಗಮಗ್ರಾಮದ ಮಾಧವ, ಕಾಲ ಸುಮಾರು 1340ರಿಂದ 1425. ವ್ಯಾಸ ಒಂದಾದರೆ ಪರಿಧಿಯ ನಾಲ್ಕನೇ ಒಂದು ಭಾಗ 1 – 1/3 + 1/5 – 1/7 + … ಅಂತ ಕೊನೆಯಿಲ್ಲದೆ ಹೋಗುತ್ತದೆ ಅಂತ ತೋರಿಸಿದ. ಯುರೋಪಿನಲ್ಲಿ ಇದು ಲೈಬ್ನಿಟ್ಸ್ ಹೆಸರಲ್ಲಿದೆ, 1670ರ ದಶಕದ್ದು.

ಈ ಸರಣಿ ಒಂದು ಆಮೆ. ಐದು ಪದ ಕೂಡಿ ನಾಲ್ಕರಿಂದ ಗುಣಿಸಿದರೆ ಬರುವುದು 3.3397, ಪೈಗೆ ಎಲ್ಲಿಂದೆಲ್ಲಿಗೂ ಸಂಬಂಧ ಇಲ್ಲ. ಕೇರಳದವರ ಜಾಣತನ ಇಲ್ಲಿದೆ. ನಿಲ್ಲಿಸಿದ ಕಡೆ ಒಂದು ತಿದ್ದುಪಡಿ ಸೇರಿಸಿದರು. ಐದು ಪದಕ್ಕೆ ನಿಲ್ಲಿಸಿದರೆ ಆ ಮೊತ್ತದಿಂದ ಮೊದಲು 5/101 ಕಳೆದು ಆಮೇಲೆ ನಾಲ್ಕರಿಂದ ಗುಣಿಸಿ, ಪೈ 3.14166 ಆಗುತ್ತದೆ. ಅದಕ್ಕಿಂತ ಒಳ್ಳೆಯ ತಿದ್ದುಪಡಿ 26/525 ಕಳೆಯಿರಿ, 3.141587. ಕ್ಯಾಲ್ಕುಲೇಟರ್ ತಗೊಂಡು ಮಾಡಿ ನೋಡಿ, ಸುಮ್ನೆ ಓದಿದರೆ ಈ ಖುಷಿ ಸಿಗುವುದಿಲ್ಲ.

ಇದೆಲ್ಲದರ ಸಾಧನೆ, ಅಂದರೆ ಪ್ರೂಫ್, ಹೆಜ್ಜೆ ಹೆಜ್ಜೆಯಾಗಿ, ಜ್ಯೇಷ್ಠದೇವನ ‘ಯುಕ್ತಿಭಾಷಾ’ದಲ್ಲಿದೆ. ಸುಮಾರು 1530ರದು, ಸಂಸ್ಕೃತದಲ್ಲಲ್ಲ, ಮಲಯಾಳಂ ಗದ್ಯದಲ್ಲಿ. ಭಾರತದವರು ಬರೀ ಸೂತ್ರ ಕೊಟ್ಟರು, ಸಾಧನೆ ಕೊಡಲಿಲ್ಲ ಅನ್ನುವವರ ಕೈಗೆ ಈ ಪುಸ್ತಕ ಇಡಬೇಕು. ಇದು ಜೆಸ್ಯೂಟ್ ಪಾದ್ರಿಗಳ ಮೂಲಕ ಯುರೋಪಿಗೆ ಹೋಗಿ ನ್ಯೂಟನ್ ಕದ್ದ ಅನ್ನುವ ಕತೆಗೆ ಮಾತ್ರ ಆಧಾರ ಸಿಕ್ಕಿಲ್ಲ.

ಗಣಿತವನ್ನು ಪದ್ಯದಲ್ಲಿ ಯಾಕೆ ಬರೆದರು?

ಬಾಯಿಪಾಠಕ್ಕೆ. ತಾಳೆಗರಿ ಹುಳ ತಿನ್ನುತ್ತದೆ, ಪದ್ಯ ಗಂಟಲಲ್ಲಿ ಉಳಿಯುತ್ತದೆ. ಆದರೆ ಪದ್ಯದಲ್ಲಿ ಅಂಕಿ ಕೂರಿಸುವುದು ಕಷ್ಟ, ಅದಕ್ಕೆ ಪದಗಳನ್ನೇ ಅಂಕಿ ಮಾಡಿದರು. ಕಣ್ಣು ಅಂದರೆ 2, ಬೆಂಕಿ ಅಂದರೆ 3, ಬಾಣ ಅಂದರೆ 5. ಇನ್ನೊಂದು ಪದ್ಧತಿ ಕಟಪಯಾದಿ, ಅಕ್ಷರಕ್ಕೊಂದು ಅಂಕಿ, ಬಲದಿಂದ ಎಡಕ್ಕೆ ಓದಬೇಕು. ಸಂಗೀತ ಕಲಿಯುವ ಮಕ್ಕಳು ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲಿ ಹಾಡುತ್ತಾರಲ್ಲ, ಅದರಲ್ಲಿ ‘ಮ’ 5, ‘ಯ’ 1, ತಿರುಗಿಸಿದರೆ 15. ಅದು 15ನೇ ಮೇಳಕರ್ತ, ಅಂದರೆ ಮೂಲ ರಾಗ. ಮೇಚಕಲ್ಯಾಣಿಯಲ್ಲಿ ಮ 5, ಚ 6, ಅದು 65ನೆಯದು.

ಮಕ್ಕಳಿಗೆ ಹಾಕೋಕೆ ಒಂದು ಲೆಕ್ಕ ಹೇಳಿ.

ಲೀಲಾವತಿಯ ದುಂಬಿ ಲೆಕ್ಕ ಹಾಕಿ. ಒಂದು ದುಂಬಿ ಹಿಂಡಿನಲ್ಲಿ ಐದನೇ ಒಂದು ಭಾಗ ಕದಂಬದ ಹೂವಿಗೆ ಹೋಯಿತು, ಮೂರನೇ ಒಂದು ಭಾಗ ಶಿಲೀಂಧ್ರದ ಹೂವಿಗೆ. ಈ ಎರಡರ ವ್ಯತ್ಯಾಸದ ಮೂರರಷ್ಟು ಕುಟಜಕ್ಕೆ. ಉಳಿದದ್ದು ಒಂದೇ ದುಂಬಿ. ಅದು ಒಂದು ಕಡೆ ಕೇದಗೆ, ಇನ್ನೊಂದು ಕಡೆ ಮಾಲತಿ, ಎರಡರ ಪರಿಮಳಕ್ಕೂ ಸಿಕ್ಕಿ ಯಾವುದಕ್ಕೆ ಹೋಗಲಿ ಅಂತ ಗಾಳಿಯಲ್ಲೇ ಸುತ್ತುತ್ತಿದೆ. ಹಿಂಡಿನಲ್ಲಿ ಎಷ್ಟು ದುಂಬಿ?

ಹದಿನೈದು. ಆದರೆ ಉತ್ತರ ಹೇಳುವ ಮುಂಚೆ ಒಂದೈದು ನಿಮಿಷ ಕಾಯಿರಿ. ನಮ್ಮ ಮನೆಯಲ್ಲಿ ಒಬ್ಬಳು ಹತ್ತು ವರ್ಷದವಳು ಲೆಕ್ಕ ಬಿಟ್ಟು, ಆ ಕೊನೇ ದುಂಬಿ ಕೊನೆಗೆ ಯಾವ ಹೂವಿಗೆ ಹೋಯಿತು ಅಂತ ಕೇಳಿದಳು. ಭಾಸ್ಕರ ಅದನ್ನು ಹೇಳಿಲ್ಲ.